ಹೊಳೆ ನಡುವಿನ ಸಣ್ಣ ಗುಡ್ಡ

ಎತ್ತರ ನೋಡಿ ಗುಡ್ಡದ ಕಷ್ಟ ಅಳೆಯುವವರು ಜಲದುರ್ಗಕ್ಕೆ ಮಳೆಗಾಲದಲ್ಲಿ ಹೋಗಬೇಕು. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿ ಕೃಷ್ಣಾ ನದಿ ಎರಡು ಸೀಳಾಗಿ ಹರಿದು ಮತ್ತೆ ಒಂದಾಗುತ್ತದೆ. ನಡುವೆ ಉಳಿದ ನೆಲವೇ ನಡುಗಡ್ಡೆ. ಅದರ ಮೇಲೊಂದು ಗುಡ್ಡ, ಗುಡ್ಡದ ಮೇಲೆ ಪಾಳುಬಿದ್ದ ಕೋಟೆ. ಏರಲು ಬಹಳ ಹೊತ್ತು ಬೇಕಿಲ್ಲ. ಆದರೆ ಅದರ ಬುಡ ಮುಟ್ಟುವುದೇ ಕೆಲವು ದಿನ ಆಗದ ಮಾತು.

ಕಿಣ್ಣಿ ಸುಲ್ತಾನದ ಕಡೆಯವರಿಗೆ ಜಲದುರ್ಗ ಅಷ್ಟೇನೂ ಪರಿಚಿತವಲ್ಲ. ನಡುಗಡ್ಡೆ ಎಂದರೆ ಅವರಿಗೆ ನೆನಪಾಗುವುದು ಶ್ರೀಪಾದ ಶ್ರೀವಲ್ಲಭರ ಕುರುವಪುರ. ಗಾಣಗಾಪುರದ ಭೀಮಾ-ಅಮರ್ಜಾ ಸಂಗಮದಲ್ಲಿ ಮಿಂದ ದತ್ತಭಕ್ತರು ಅಲ್ಲಿಗೂ ಹೋಗಿಬರುವುದುಂಟು. ಜಲದುರ್ಗಕ್ಕೆ ಅಂಥ ಯಾತ್ರೆಯ ಹೆಸರಿಲ್ಲ. ಕಲಬುರಗಿ ಬಿಟ್ಟು, ಕಟ್ಟಿಸಂಗಾವಿಯಲ್ಲಿ ಭೀಮೆ ದಾಟಿ, ಜೇವರ್ಗಿ, ಶಹಾಪುರ, ಸುರಪುರದ ಮೇಲೆ ಹಾಯ್ದು, ತಿಂಥಣಿಯ ಮೌನೇಶ್ವರನಿಗೆ ಕೈಮುಗಿದು ಕೃಷ್ಣೆ ದಾಟಿದರೆ ಲಿಂಗಸುಗೂರಿನ ಸೀಮೆ. ಹಟ್ಟಿಯ ಚಿನ್ನದ ಗಣಿ, ಮುದಗಲ್ಲಿನ ಕೋಟೆ ಇದೇ ತಾಲ್ಲೂಕಿನವು. ಅವುಗಳ ನಡುವೆ ಜಲದುರ್ಗ ಮೂಲೆಗೆ ಸರಿದಿದೆ.

ಕೃಷ್ಣೆ, ತುಂಗಭದ್ರೆಯರ ನಡುವಿನ ಈ ದೋಆಬ್ ಪ್ರದೇಶಕ್ಕಾಗಿ ಬಹಮನಿಗಳೂ ವಿಜಯನಗರದವರೂ ತಲೆಮಾರುಗಟ್ಟಲೆ ಕಾದಾಡಿದರು. ಬಹಮನಿ ರಾಜ್ಯ ಒಡೆದ ಮೇಲೆ ಆ ಜಗಳ ವಿಜಾಪುರದ ಆದಿಲಶಾಹಿಗಳಿಗೆ ಬಳುವಳಿಯಾಗಿ ಬಂತು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಗೆದ್ದದ್ದೂ ಇದೇ ಜಗಳದಲ್ಲಿ. ಇಂಥ ನೆಲದಲ್ಲಿ ಕೋಟೆ ಕಟ್ಟುವವರು ಕಂದಕ ತೋಡಿಸಲು ಕೂಲಿ, ಕಾಲ, ಹಣ ಸುರಿಯಬೇಕಿತ್ತು. ಜಲದುರ್ಗಕ್ಕೆ ಆ ಚಿಂತೆ ಇರಲಿಲ್ಲ. ಕಂದಕವನ್ನು ಕೃಷ್ಣೆಯೇ ತೋಡಿಟ್ಟಿದ್ದಳು. ಹೆಸರು ಬಂದದ್ದೂ ಹಾಗೆಯೇ.

ಬೇಸಿಗೆಯಲ್ಲಿ ಬಂದವರಿಗೆ ಕಾಣುವುದು ಬಂಡೆ, ಮುಳ್ಳುಕಂಟಿ, ಕುಸಿದ ಗೋಡೆ, ಬಾಯ್ದೆರೆದ ಹೆಬ್ಬಾಗಿಲು. ಮಳೆ ಹಿಡಿದ ಮೇಲೆ ಅದೇ ದಾರಿಯ ಗುಣ ಬೇರೆ. ಗುಡ್ಡವೆಂದರೆ ನೀರು ಇಳಿದು ಹೋಗುವ ಜಾಗ ಎಂದುಕೊಂಡವರು ಇಲ್ಲಿ ಜಾರುತ್ತಾರೆ. ಬಂಡೆ ನೀರು ಕುಡಿಯುವುದಿಲ್ಲ. ಅದರ ಮೇಲಿಂದ ಜಾರಿದ ನೀರು ಬಂಡೆಗಳ ನಡುವೆ ಮಣ್ಣು ತುಂಬಿದ ತಗ್ಗುಗಳಲ್ಲಿ ಬಂದು ನಿಲ್ಲುತ್ತದೆ. ಬಿದ್ದ ಗೋಡೆಯ ಕಲ್ಲು, ಹೂಳು ಅದು ಹರಿದುಹೋಗುವ ದಾರಿಯನ್ನೂ ಕಟ್ಟಿಬಿಡುತ್ತವೆ. ಮೇಲೆ ಹಸಿರು ಹುಲ್ಲು ಹಾಸಿದಂತೆ ಕಂಡರೂ ಕಾಲಿಟ್ಟರೆ ಹಿಮ್ಮಡಿ ಹೂಳುವ ಜೌಗು.

ಎರೆ ಹೊಲದಲ್ಲಿ ಹುಟ್ಟಿ ಬೆಳೆದವರಿಗೆ ಇದೇನು ಹೊಸ ಪಾಠವಲ್ಲ. ಆಳಂದ, ಅಫಜಲಪುರ, ಜೇವರ್ಗಿಯ ಕರಿಮಣ್ಣು ಬೇಸಿಗೆಯಲ್ಲಿ ಬಾಯಿ ಬಿಟ್ಟು, ಮಳೆಗೆ ಉಬ್ಬಿ, ಹೆಜ್ಜೆಗೊಂದು ಸೇರು ಮಣ್ಣನ್ನು ಕಾಲಿಗೆ ಕಟ್ಟುತ್ತದೆ. ಆಗ ರೈತ ಮಾಡುವುದನ್ನೇ ಇಲ್ಲಿಯೂ ಮಾಡಬೇಕು. ಕೈಯಲ್ಲೊಂದು ಕೋಲು ಹಿಡಿದು, ಮುಂದಿನ ಹೆಜ್ಜೆಯ ನೆಲವನ್ನು ಮೊದಲು ಅದರಿಂದ ತಿವಿದು ನೋಡಬೇಕು. ಬರಿ ಮಣ್ಣಿಗಿಂತ ಹುಲ್ಲಿನ ಬುಡ ಮೇಲು, ಅದಕ್ಕಿಂತ ಅಲುಗದ ಕಲ್ಲು ಮೇಲು. ಪಾಚಿಗಟ್ಟಿದ ಬಂಡೆಯನ್ನು ಮಾತ್ರ ನಂಬಬಾರದು. ಏರುವಾಗಿನ ಅವಸರಕ್ಕೆ ಇಳಿಯುವಾಗ ದಂಡ ಕಟ್ಟಬೇಕಾಗುತ್ತದೆ.

ಮೇಲೆ ನಿಂತರೆ ಕೃಷ್ಣೆಯ ಎರಡು ಸೀಳೂ ಕಾಣುತ್ತವೆ. ಮರಣದಂಡನೆಗೆ ಗುರಿಯಾದವರನ್ನು ಹಿಂದಿನ ಕಾಲದಲ್ಲಿ ಈ ಎತ್ತರದಿಂದಲೇ ಹೊಳೆಗೆ ತಳ್ಳುತ್ತಿದ್ದರೆಂದು ಜನ ಹೇಳುತ್ತಾರೆ. ಆ ಕತೆ ನಿಜವಿರಲಿ ಬಿಡಲಿ, ಕೆಳಗೆ ಬಂಡೆಗಳ ನಡುವೆ ನುಗ್ಗುವ ನೀರು ಕಂಡವರು ಅದನ್ನು ನಂಬಿಬಿಡುತ್ತಾರೆ.

ಆ ನೀರು ಎಲ್ಲಿಯದು? ಲಿಂಗಸುಗೂರಿನ ಮಳೆಯದಲ್ಲ. ಮಹಾಬಳೇಶ್ವರದ ಕಡೆಯ ಘಟ್ಟಗಳಲ್ಲಿ ಜಡಿಮಳೆ ಹಿಡಿದರೆ ಕೃಷ್ಣೆ ತುಂಬಿ ಆಲಮಟ್ಟಿಗೆ ಬರುತ್ತಾಳೆ. ಅಲ್ಲಿಂದ ಬಿಟ್ಟ ನೀರು ನಾರಾಯಣಪುರದ ಬಸವಸಾಗರಕ್ಕೆ, ಅಲ್ಲಿಂದ ಈ ನಡುಗಡ್ಡೆಗೆ. ಹೀಗಾಗಿ ಬಿಸಿಲು ಬಿದ್ದ ದಿನವೇ ಪ್ರವಾಹ ಬರಬಹುದು. 2019ರ ಆಗಸ್ಟಿನಲ್ಲಿ ಬಸವಸಾಗರದಿಂದ 5 ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹರಿಯಿತು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಲೆಕ್ಕ ಹಾಕಿದರೆ ಸೆಕೆಂಡಿಗೆ 1 ಕೋಟಿ 40 ಲಕ್ಷ ಲೀಟರ್! ಶೀಲಹಳ್ಳಿಯ ಸೇತುವೆ ಮುಳುಗಿತು. ಜಲದುರ್ಗ, ಹಂಚಿನಾಳ, ಯಳಗುಂದಿ ಮೊದಲಾದ ಊರುಗಳಿಗೆ ಆ ದಾರಿ ಕಡಿಯಿತು. ಭೀಮಾ ತೀರದವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. 2020ರ ಅಕ್ಟೋಬರಿನಲ್ಲಿ ಭೀಮೆ ಅಫಜಲಪುರ, ಜೇವರ್ಗಿಯ ದಂಡೆಯೂರುಗಳಿಗೆ ನುಗ್ಗಿದ್ದನ್ನು ಅವರು ಕಂಡಿದ್ದಾರೆ.

ಕೋಟೆ ಕಟ್ಟಿದವರಿಗೆ ಹೊಳೆ ದಾಟಲಾಗದಿದ್ದುದೇ ಲಾಭವಾಗಿತ್ತು. ವೈರಿ ಆಚೆ ದಡದಲ್ಲೇ ಉಳಿಯುತ್ತಿದ್ದ. ಈಗ ವೈರಿಯೂ ಇಲ್ಲ, ಸುಲ್ತಾನನೂ ಇಲ್ಲ. ಹೊಳೆ ಮಾತ್ರ ತನ್ನ ಹಳೆಯ ಚಾಕರಿ ಬಿಟ್ಟಿಲ್ಲ. ಸೇತುವೆ ಮುಳುಗಿದ ದಿನ ಅದು ತಡೆಯುವುದು ಸಾಲೆಗೆ ಹೊರಟ ಹುಡುಗನನ್ನು, ಹೆರಿಗೆ ನೋವು ತಿನ್ನುವ ಹೆಣ್ಣುಮಗಳನ್ನು, ಸಂತೆಗೆ ಕಾಯಿಪಲ್ಲೆ ಒಯ್ಯುವ ರೈತನನ್ನು. ಕೋಟೆ ನೋಡಿ ಹಾಳಾಯಿತಲ್ಲ ಎಂದು ಮರುಗುವವರು, ಅದರ ಬುಡದಲ್ಲಿ ಬದುಕುವವರ ದಾರಿಯನ್ನೂ ಒಮ್ಮೆ ನೋಡಬೇಕು. ಕಲ್ಲಿನ ಗೋಡೆ ಇನ್ನೊಂದು ವರ್ಷ ಕಾದೀತು, ಬಾಣಂತಿ ಕಾಯಲಾರಳು.

ಹೋಗುವ ಮನಸ್ಸಿದ್ದರೆ ಮಳೆಗಾಲ ಕಳೆಯಲಿ, ಹೊಳೆ ಇಳಿಯಲಿ. ಹೊರಡುವ ಮೊದಲು ನಾರಾಯಣಪುರದಿಂದ ನೀರು ಬಿಟ್ಟಿದ್ದಾರೆಯೇ, ಸೇತುವೆ ತೆರೆದಿದೆಯೇ ಎಂದು ಲಿಂಗಸುಗೂರಿನಲ್ಲಿ ವಿಚಾರಿಸಬೇಕು. ಸೇತುವೆಯ ಮೇಲೆ ಮೊಣಕಾಲುದ್ದ ನೀರಿದ್ದರೂ ಇಳಿಯಬಾರದು. ಊರವರು ಬೇಡವೆಂದರೆ ಅದೇ ಕೊನೆಯ ಮಾತು. ನೋಡಲು ಬಂದವರು ವಾಪಸು ಹೋಗಿ ಇನ್ನೊಂದು ದಿನ ಬರಬಹುದು. ಆಚೆ ದಡದಲ್ಲಿ ಮನೆಯಿದ್ದವರಿಗೆ ಆ ಅನುಕೂಲ ಇಲ್ಲ.