ಬಲ್ಲೆ ಇದ್ದರೆ ಮನೆ ಹಾಳಾತು ಹೇಳಿ ಅಲ್ಲ

ಹೋಂಸ್ಟೇಗೆ ಹೋಗಿ ಬಂದವು ಈಗ ಎರಡೇ ನಮುನೆ ಮಾತು ಹೇಳ್ತವು. ಒಂದು, "ಭಾರೀ ಲಾಯಿಕಿತ್ತು, ಎಲ್ಲಿ ನೋಡಿರೂ ಪಚ್ಚೆ." ಇನ್ನೊಂದು, "ಅಯ್ಯೋ, ಜಾಲಿಡೀ ಬಲ್ಲೆ, ಉಡುಗುವವು ಆರುದೆ ಇಲ್ಲೆಯೊ ಏನೊ." ಒಂದೇ ಕಾರಿಲಿ ಒಂದೇ ಜಾಗಗೆ ಹೋದವೇ ಹೀಂಗೆ ಎರಡೂ ಹೇಳುದರ ಕೇಳಿದ್ದೆ. ಎನ್ನ ಅಭಿಪ್ರಾಯ ಕೇಳಿರೆ, ಬಲ್ಲೆ ಬೇರೆ, ಕೊಳಕು ಬೇರೆ. ಇದರ ಬೇರೆ ಮಾಡಿ ನೋಡ್ಲೆ ನಾವು ಹೆಮ್ಮಕ್ಕೊ ಆದರೂ ಕಲಿಯೆಕ್ಕು. ಎಂತಕೆ ಹೇಳಿರೆ, ಜಾಲಿಲಿ ಹುಲ್ಲು ಬೆಳದರೆ ಊರಿನವು ಬೈವದು ಗೆಂಡುಮಕ್ಕಳ ಅಲ್ಲ, ಹಿಡಿಸೂಡಿ ಹಿಡಿವ ನಮ್ಮನ್ನೇ.

ಕಳುದ ಡಿಸೆಂಬರಿಲಿ ಮಗಳೂ ಅಳಿಯನೂ ಎಂಗಳ ಆಗುಂಬೆ ಹೊಡೆಂಗೆ ಕರಕ್ಕೊಂಡು ಹೋದವು. ಎರಡು ಇರುಳು ಒಂದು ಹಳೇ ಹಂಚಿನ ಮನೆಲಿ ಇತ್ತೆಯೊ. ಮಣ್ಣಿನ ಗೋಡೆ, ಬೆಶಿನೀರಿಂಗೆ ಹಂಡೆ, ಕರೆಂಟು ಬಂದರೆ ಬಂತು, ಇಲ್ಲದ್ದರೆ ಇಲ್ಲೆ. ಜಾಲು ದಾಂಟಿರೆ ಹುಲ್ಲು ಸೊಂಟದಷ್ಟು ಎತ್ತರ. ಬಾವಿಕಟ್ಟೆಯ ಕರೆಲಿ ಕೆಸವು, ಹಾಳುಬಿದ್ದ ಹಟ್ಟಿಯ ಗೋಡೆ ಇಡೀ ಬಳ್ಳಿ. ಅಳಿಯ ಪಟ ತೆಗದ್ದೇ ತೆಗದ್ದು. ಒಟ್ಟಿಂಗೆ ಬಂದ ಅಳಿಯನ ಚಿಕ್ಕಮ್ಮಂಗೆ ಮಾತ್ರ ಸಮಾಧಾನ ಇಲ್ಲೆ. "ಒಬ್ಬಂಗೆ 2,000 ರೂಪಾಯಿ ತೆಕ್ಕೊಂಬವಕ್ಕೆ ಒಂದು ಆಳು ಮಡಗಿ ಹುಲ್ಲು ತೆಗೆಶಲೆ ಎಡಿಯದೋ?" ಹೇಳಿ ಜೋರಾಗಿಯೇ ಕೇಳಿದವು.

ಆ ಮನೆಯ ಅಮ್ಮ ಒಗ್ಗರಣೆ ಹಾಕಿಗೊಂಡು ಇತ್ತಿದ್ದವು. ಅವು ತಿರುಗಿ ನೋಡದ್ದೇ ಹೇಳಿದವು, "ಅದನ್ನ ತೆಗೆಸಿದ್ರೆ ನಾಳೆ ನಿಮಗೆ ತಂಬುಳಿಗೆ ಸೊಪ್ಪು ಎಲ್ಲಿಂದ ತರ್ಲಿ?" ಮರದಿನ ಮಧ್ಯಾಹ್ನ ಒಂದೆಲಗದ ತಂಬುಳಿ ಮಾಡಿತ್ತಿದ್ದವು. ಎರಡು ಸರ್ತಿ ಬಡುಸಿಗೊಂಡದು ಅದೇ ಚಿಕ್ಕಮ್ಮ.

ಇದು ನವಗೆ ಗೊಂತಿಲ್ಲದ್ದ ಸಂಗತಿ ಅಲ್ಲ. ನಮ್ಮ ಅಜ್ಜಿಯಕ್ಕೊ ನೆಟ್ಟಿಕಾಯಿ ತಪ್ಪಲೆ ದಿನಾಗಳೂ ಪೇಟಗೆ ಓಡಿದ್ದವಿಲ್ಲೆ. ಆಟಿಲಿ ಚಗತೆ ಸೊಪ್ಪು, ಮರಕೆಸವಿನ ಪತ್ರೊಡೆ. ಬೇಸಗೆಲಿ ನೆಕ್ಕರಿಕನ ಕುಡಿ, ಕುಂಟಾಲ ಕುಡಿ. ಕುಡಿಯ ರಜ್ಜ ತುಪ್ಪಲ್ಲಿ ಬಾಡ್ಸಿ, ಜೀರಿಗೆ, ಗೆಣಮೆಣಸು, ಕಾಯಿಸುಳಿ ಸೇರ್ಸಿ ಕಡದು ಮಜ್ಜಿಗೆ ಎರದರೆ ತಂಬುಳಿ ಆತು. ಅದರಲ್ಲಿ ಒಂದುದೆ ನಾವು ನೆಟ್ಟದಲ್ಲ, ಜಾಲಕರೆಲಿ ಅದರಷ್ಟಕ್ಕೆ ಬಂದದು. ಆ ಜಾಲಿಂಗೆ ಇಂಟರ್‌ಲಾಕ್ ಹಾಸಿರೆ ಸೊಪ್ಪೂ ಹೋತು, ನೀರೂ ಹೋತು. ಆಗುಂಬೆಲಿ ವರ್ಷಕ್ಕೆ 7,000 ಮಿಲ್ಲಿಮೀಟರಿಂದ ಹೆಚ್ಚು ಮಳೆ ಬತ್ತು. ನಮ್ಮ ಊರಿಲಿದೆ ಮಳಗೆ ಎಂತ ಬರ ಇಲ್ಲೆ. ಆದರೆ ಬಿದ್ದ ನೀರು ಮಣ್ಣಿಂಗೆ ಇಂಗದ್ದೆ ಸೀದಾ ಮಾರ್ಗಕ್ಕೆ ಹರುದರೆ ಎಪ್ರಿಲಿಲಿ ಬಾವಿಲಿ ಎಂತ ಇಕ್ಕು?

ಹಾಂಗೆ ಹೇಳಿ ಪಚ್ಚೆ ಕಂಡದೆಲ್ಲ ಒಳ್ಳೆದಲ್ಲ. ನಾವು ಕಮ್ಯುನಿಸ್ಟು ಬಲ್ಲೆ ಹೇಳುವ ಸೆಸಿ ಅಮೇರಿಕ ಖಂಡಂದ ಬಂದದು. ಲಂಟಾನವುದೆ ಹಾಂಗೇ. ಅದು ಹಬ್ಬಿದಲ್ಲಿ ನಮ್ಮ ನೆಕ್ಕರಿಕ, ಕೇಪಳ ಮೇಲೆ ಬಪ್ಪಲೆ ಕಷ್ಟ, ದನವುದೆ ಅದರ ತಿಂತಿಲ್ಲೆ. ಹೂಗು ಆಗಿ ಬಿತ್ತು ಹಾರುವ ಮದಲೇ ಬೇರು ಸಮೇತ ಕೀಳೆಕ್ಕು. ಕತ್ತಿಲಿ ಸವರಿರೆ ಪುನಃ ಚಿಗುರ್ತು. ಬೇಕಾದ್ದು ಯೇವದು, ಬೇಡದ್ದು ಯೇವದು ಹೇಳಿ ಜೇಸೀಬಿಗೆ ಗೊಂತಾವುತ್ತಿಲ್ಲೆ, ನಮ್ಮ ಕಣ್ಣಿಂಗೆ ಗೊಂತಾವುತ್ತು.

ಹೆದರುವವರ ನೆಗೆ ಮಾಡ್ಲಾಗ. ಬಲ್ಲೆ ಇದ್ದಲ್ಲಿ ಹಾವು ಇಕ್ಕು. ನಾಗರಹಾವು, ಕನ್ನಡಿಹಾವು, ಕಟ್ಟುಹಾವು ವಿಷದ್ದು. ಕೇರೆ ಪಾಪದ್ದು, ಎಲಿ ಹಿಡಿವದು. ಆದರೆ ಅದಕ್ಕೆ ಉಪಾಯ ಇಡೀ ಗುಡ್ಡೆಯ ಬೋಳ್ಸುದಲ್ಲ. ಮನೆಯ ಸುತ್ತ ನಾಲ್ಕು ಮಾರು, ಮತ್ತೆ ನೆಡವ ದಾರಿ ಚೊಕ್ಕ ಇರೆಕ್ಕು. ಸೌದಿಯ ಗೋಡೆಗೆ ತಾಗ್ಸಿ ಅಟ್ಟಿ ಮಡುಗಲಾಗ. ಅಶನ ಜಾಲಿಂಗೆ ಚೆಲ್ಲಲಾಗ; ಅಶನಕ್ಕೆ ಎಲಿ ಬತ್ತು, ಎಲಿಗೆ ಹಾವು ಬತ್ತು. ಇರುಳು ಟಾರ್ಚ್ ಇಲ್ಲದ್ದೆ ಹೆರ ಇಳಿವಲಾಗ. ಕಚ್ಚಿತ್ತು ಹೇಳಿ ಆದರೆ ಬಿಗುದು ಕಟ್ಟುದು, ಕೊಯಿವದು, ಬಾಯಿಲಿ ಎಳವದು ಯೇವದೂ ಬೇಡ. ಕೈಕಾಲು ಹೆಚ್ಚು ಆಡ್ಸದ್ದೆ, ಆಂಟಿವೆನಮ್ ಇಪ್ಪ ಆಸ್ಪತ್ರೆಗೆ ಹೋಪದೇ.

ಮಲೆನಾಡಿಂಗೆ ಹೋಪವಕ್ಕೆ ಇನ್ನೊಂದು ಮಾತು ಇದ್ದು, ಮಂಗನ ಕಾಯಿಲೆದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿಲಿ ಸುರುವಿಂಗೆ ಗೊಂತಾದ್ದು. ಉಣುಗು ಕಚ್ಚಿ ಬಪ್ಪ ಜ್ವರ, ಚಳಿಗಾಲಂದ ಮಳೆ ಬಪ್ಪನ್ನಾರ ಜಾಸ್ತಿ. ಮಂಗ ಸತ್ತು ಬಿದ್ದ ಹೊಡೆಂಗೆ ಹೋಪಲಾಗ, ತರಗೆಲೆಯ ಮೇಲೆ ಕೂಪಲಾಗ. ಕೈಕಾಲು ಮುಚ್ಚುವ ವಸ್ತ್ರ ಹಾಕೆಕ್ಕು, ತಿರುಗಿ ಬಂದ ಕೂಡ್ಲೆ ಬೆಶಿನೀರಿಲಿ ಮೀಯೆಕ್ಕು. ಹೋಂಸ್ಟೇಯವು ಬಂದವಕ್ಕೆ ಇದರ ಮದಲೇ ಹೇಳೆಕ್ಕು. ಎಂಗೊಗೆ ಆ ಅಮ್ಮ ಚಾಯ ಕೊಡುವಗಳೇ ಹೇಳಿದವು. ಹುಲ್ಲು ತೆಗೆಶಿದ್ದವೋ ಇಲ್ಲೆಯೊ ಹೇಳಿ ನೋಡುದರಿಂದ, ಇದರ ಹೇಳಿದವೋ ಇಲ್ಲೆಯೊ ಹೇಳಿ ನೋಡಿ ಮನೆಯ ಅಳದರೆ ಒಳ್ಳೆದು.

ಎನ್ನ ಅಪ್ಪನ ಮನೆಲಿ ಈಗ ಇದೇ ಚರ್ಚೆ. ಅಣ್ಣ ಅತ್ತಿಗೆ ಇಬ್ರೇ ಅಲ್ಲಿ ಇಪ್ಪದು. ಅಣ್ಣನ ಮಗ ಬೆಂಗ್ಳೂರಿಂದ ಫೋನಿಲಿ ಹೇಳ್ತ, "ಹೋಂಸ್ಟೇ ಮಾಡುವೊ. ಜಾಲಿಂಗೆ ಇಂಟರ್‌ಲಾಕ್, ಕೆಳಾಣ ಬಲ್ಲೆ ಎಲ್ಲ ಜೇಸೀಬಿಲಿ ತೆಗದು ಲಾನ್." ಮಾಣಿ ಕೆಟ್ಟದು ಹೇಳಿದ್ದಲ್ಲ, ಮನೆಗೆ ಬೀಗ ಬೀಳದ್ದ ಹಾಂಗೆ ನೋಡ್ತಾ ಇದ್ದ. ಎಷ್ಟು ತರವಾಡು ಮನೆಗಳ ಬಾಗಿಲು ಈಗ ವರ್ಷಕ್ಕೊಂದರಿ ಪೂಜೆಗೆ ಮಾತ್ರ ತೆಗವದು ಹೇಳಿ ನವಗೆಲ್ಲ ಗೊಂತಿದ್ದು. ಅದರಿಂದ ಹೋಂಸ್ಟೇ ಆದರೂ ಅಕ್ಕು, ಒಲೆಲಿ ಕಿಚ್ಚು ಇಕ್ಕು.

ಎನ್ನ ಪ್ರಶ್ನೆ ಬೇರೆ. "ಮನೆ ಅಡಿಗೆ" ಹೇಳಿ ಮೊಬೈಲಿಲಿ ಬರವದು ಒಂದು ನಿಮಿಷದ ಕೆಲಸ. ಹತ್ತು ಜೆನಕ್ಕೆ ಉದಿಯಪ್ಪಗ ನೀರುದೋಸೆ ಎರವದು, ಮಧ್ಯಾಹ್ನಕ್ಕೆ ಎರಡು ಬಗೆ, ಹೊತ್ತೋಪಗ ಪೋಡಿ, ಅವು ಹೋದ ಮತ್ತೆ ಹೊದಕ್ಕೆ ಒಗವದು, ಇದೆಲ್ಲ ಆರು? ಅತ್ತಿಗಗೆ 58 ಆತು. ಒಂದು ಮೊಳಪ್ಪು ಆಗಳೇ ಬೇನೆ. "ಹೇಂಗೂ ಅಡಿಗೆ ಮಾಡ್ತಿ, ಅದರೊಟ್ಟಿಂಗೆ ಇದುದೆ" ಹೇಳುವ ಲೆಕ್ಕಾಚಾರ ಎನಗೆ ಮೆಚ್ಚಿದ್ದಿಲ್ಲೆ. ಬಂದವು ಪೈಸೆ ಕೊಟ್ಟು ಉಂಬಗ ಅದು ಮನೆ ಕೆಲಸ ಅಲ್ಲ, ಉದ್ಯೋಗ. ಉದ್ಯೋಗಕ್ಕೆ ಸಂಬಳ, ರಜೆ, ಸಕಾಯ ಮೂರೂ ಬೇಕು. ಪೈಸೆ ಅತ್ತಿಗೆಯ ಹೆಸರಿನ ಖಾತಗೆ ಬರೆಕ್ಕು. ತಿಂಗಳಿಲಿ ಎಷ್ಟು ದಿನ, ಒಂದರಿ ಎಷ್ಟು ಜೆನ ಹೇಳಿ ಅತ್ತಿಗೆಯೇ ನಿಘಂಟು ಮಾಡೆಕ್ಕು. ಬಲ್ಲೆಲಿ ಯೇವ ಸೊಪ್ಪು ಎಲ್ಲಿದ್ದು ಹೇಳಿ ಆ ಮನೆಲಿ ಗೊಂತಿಪ್ಪದು ಅವಕ್ಕೊಬ್ಬಂಗೇ. ಬಪ್ಪವು ಪೈಸೆ ಕೊಡುದು ಆ ಗೊಂತಿಪ್ಪದಕ್ಕೆ, ಲಾನಿಂಗೆ ಅಲ್ಲ. ಲಾನ್ ಅವರ ಊರಿಲಿದೆ ಇದ್ದು.

ನಾವು ಹೀಂಗಿಪ್ಪಲ್ಲಿಗೆ ಹೋಪಗಳೂ ಇದು ನೆಂಪಿರೆಕ್ಕು. ಇರುಳು ಹತ್ತು ಗಂಟಗೆ ಮುಟ್ಟಿ ಗೋಬಿ ಮಂಚೂರಿ ಇದ್ದೋ ಹೇಳಿ ಕೇಳ್ಲಾಗ. ಮಕ್ಕೊ ತಿಂದ ತೊಟ್ಟೆ, ನೀರಿನ ಬಾಟ್ಲಿ ಕಾರಿಲೇ ವಾಪಾಸು ತರೆಕ್ಕು. ಸ್ಪೀಕರು ಹಾಕಿರೆ ನವಗೆ ಹಕ್ಕಿ ಸ್ವರವುದೆ ಕೇಳ, ಆ ಮನೆಯವಕ್ಕೆ ಒರಕ್ಕುದೆ ಇಲ್ಲೆ. ಪಚ್ಚೆ ನೋಡ್ಲೆ ಹೇಳಿಯೇ ಹೋಗಿ, ಹುಳು ಇದ್ದು ಹೇಳಿ ಮೊಬೈಲಿಲಿ ಒಂದೇ ನಕ್ಷತ್ರ ಒತ್ತಿರೆ, ಒಂದು ಹೆಮ್ಮಕ್ಕಳ ಅಶನಕ್ಕೆ ಕಲ್ಲು ಹಾಕಿದ ಹಾಂಗೆ.

ಅಣ್ಣಂಗೆ ಆನು ಹೇಳಿದ್ದು ಇಷ್ಟೇ: ಜೇಸೀಬಿಗೂ ಇಂಟರ್‌ಲಾಕಿಂಗೂ ತೆಗದು ಮಡಗಿದ ಪೈಸೆಲಿ ಅತ್ತಿಗಗೆ ಒಂದು ಸಕಾಯದ ಆಳು ಮಡುಗು. ದಾರಿ ಚೊಕ್ಕ ಮಾಡ್ಸು, ಜಾಲಕರೆಲಿ ಒಂದು ಲೈಟು ಹಾಕ್ಸು. ಕಮ್ಯುನಿಸ್ಟು ಬಲ್ಲೆ ಕೀಳ್ಸು, ಒಳುದ್ದು ಅದರಷ್ಟಕ್ಕೆ ಇರಳಿ. ಅಣ್ಣನ ಉತ್ತರ ಇನ್ನುದೆ ಬೈಂದಿಲ್ಲೆ. ಅತ್ತಿಗೆ ಮಾತ್ರ ಮರದಿನ ಫೋನು ಮಾಡಿ, "ಇವಕ್ಕೆ ಇನ್ನೊಂದರಿ ಹೇಳು" ಹೇಳಿದವು.