ಬೇತಾಳನ ಪ್ರಶ್ನೆ
ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಮನೆಗಳಲ್ಲಿ ಹದಿಹರೆಯದವರು ರಕ್ತಪಿಪಾಸು ಪಿಶಾಚಿಯ ಕಥೆಯನ್ನು ಬೇಡಿದರೆ ತಂದೆತಾಯಿಗಳು ಬೆಚ್ಚಬೇಕಾಗಿಲ್ಲ. ಮೊದಲು ಬೇತಾಳನ ಕಥೆಗಳನ್ನು ಕೊಡಲಿ. ‘ಚಂದಮಾಮ’ ಓದಿ ಬೆಳೆದ ಹಿರಿಯರಿಗೆ ಅವು ಪರಿಚಿತವೇ. ಹನ್ನೊಂದನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿಯೂ ಅವು ಸೇರಿವೆ. 1870ರಲ್ಲಿ ರಿಚರ್ಡ್ ಬರ್ಟನ್ ತನ್ನ ಇಂಗ್ಲಿಷ್ ರೂಪಾಂತರದಲ್ಲಿ ಬೇತಾಳನನ್ನು ‘ವ್ಯಾಂಪೈರ್’ ಎಂದೇ ಕರೆದನು. ಆದರೆ ಹೆಣದೊಳಗೆ ನೆಲೆಸಿದ ಆ ಬೇತಾಳನು ಅರಸನಿಂದ ಬಯಸುವುದು ರಕ್ತವನ್ನಲ್ಲ, ನ್ಯಾಯನಿರ್ಣಯವನ್ನು. ಉತ್ತರ ಬಲ್ಲವನು ಮೌನ ತಾಳಿದರೆ ತಲೆ ಸಿಡಿಯುವುದು. ನುಡಿದರೆ ಹೆಣವು ಮತ್ತೆ ಮರವನ್ನೇರುವುದು.

ಆ ಬಳಿಕ ಬ್ರಾಮ್ ಸ್ಟೋಕರನ 1897ರ ‘ಡ್ರಾಕುಲ’ ಕೈಗೆ ಬರಲಿ. ದಿನಚರಿ, ಪತ್ರಗಳಲ್ಲಿ ಸಾಗುವ ಆ ಕಾದಂಬರಿಯಲ್ಲಿ, ಒಬ್ಬೊಬ್ಬರೂ ಬರೆದಿಟ್ಟ ಭಯವನ್ನು ಎಲ್ಲರೂ ಕೂಡಿ ಓದಿದ ಮೇಲೆಯೇ ಪಿಶಾಚಿಗೆ ಸೋಲು. ಮಕ್ಕಳು ಇಂತಹ ಪುಸ್ತಕವನ್ನು ಕದ್ದು ಓದುವುದಕ್ಕಿಂತ ಹಿರಿಯರೊಡನೆ ಓದುವುದು ಲೇಸು.