ಅರ್ಧ ಬೆಲೆಯ ಶೇಂಗಾ ಹಿಂಡಿ

ಹೋದ ಮಳೆಗಾಲದಲ್ಲಿ ಕೋಳಿ ಆಹಾರದ ರೇಟು ಏರಿದಾಗ ನಮ್ಮ ಮನೆಯವರು ಎಣ್ಣೆ ಗಾಣದಿಂದ ಶೇಂಗಾ ಹಿಂಡಿ ತಂದರು. ಅರ್ಧ ಬೆಲೆ! ಒಂದು ಚೀಲದಲ್ಲಿ ಸ್ವಲ್ಪ ಬೂಷ್ಟು ಕಂಡಿತು. "ಬಿಸಿಲಿಗೆ ಹಾಕಿದ್ರೆ ಸರಿ ಹೋಗುತ್ತೆ ಬಿಡೇ" ಅಂದರು. ನಾನೂ ಸುಮ್ಮನಾದೆ.

ನಮ್ಮದು 200 ಬ್ರಾಯ್ಲರ್ ಮರಿಗಳ ಸಣ್ಣ ಶೆಡ್ಡು. ಆ ಸಲದ ದುಡ್ಡು ಮಗಳ ಹಾಸ್ಟೆಲ್ ಫೀಸಿಗೆ ಅಂತ ಎತ್ತಿಟ್ಟ ಲೆಕ್ಕ.

ಮೂರನೇ ವಾರಕ್ಕೆ ಮರಿಗಳು ಮಂಕಾದವು. ಮೇವು ಬಿಟ್ಟವು, ಒಂದೊಂದಾಗಿ ಸತ್ತವು. ಪಶುವೈದ್ಯರು ಸತ್ತ ಮರಿಯನ್ನು ಕೊಯ್ದು ತೋರಿಸಿದರು. ಲಿವರ್ ಊದಿಕೊಂಡು ಹಳದಿಯಾಗಿತ್ತು. "ಹಿಂಡಿಯ ಬೂಷ್ಟಿನ ವಿಷ ಇದು, ಅಫ್ಲಾಟಾಕ್ಸಿನ್. ಬಿಸಿಲು ಬೂಷ್ಟನ್ನು ಒಣಗಿಸುತ್ತಮ್ಮಾ, ವಿಷ ಒಳಗೇ ಉಳಿಯುತ್ತೆ. ಹುರಿದ್ರೂ ಪೂರ್ತಿ ಹೋಗಲ್ಲ" ಅಂದರು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಿದ್ದು ಇಂಥದೇ ಶೇಂಗಾ ಹಿಂಡಿಯಿಂದಂತೆ. ಈ ವಿಷ ಪತ್ತೆಯಾಗಿದ್ದೇ ಆಮೇಲೆ.

ಉಳಿದ ಹಿಂಡಿಯನ್ನು ಅತ್ತೆ ಆಗಲೇ ಹಸುವಿನ ಬಾನಿಗೆ ಹಾಕಲು ಹೊರಟಿದ್ದರು. ಡಾಕ್ಟರು ಕೂಗಿ ನಿಲ್ಲಿಸಿದರು. ಹಾಲಿಗೂ ಇಳಿಯುತ್ತಂತೆ ಆ ವಿಷ. ಮನೆಯಲ್ಲಿ ಹಾಲು ಕುಡಿಯೋ ಮಗು ಇದೆ. ಗುಂಡಿ ತೋಡಿ ಹೂತೆವು.

"ನಮ್ಮ ಕಾಲದಲ್ಲಿ ಕೋಳಿ ತಿಪ್ಪೆ ಕೆದಕಿ ಬದುಕ್ತಿತ್ತು" ಅಂತ ಅತ್ತೆಗೆ ಅಚ್ಚರಿ. ಅದು ನಾಟಿ ಕೋಳಿ. ಹುಳ, ಸೊಪ್ಪು, ಕಾಳು ತಾನೇ ಹುಡುಕಿ ನಿಧಾನಕ್ಕೆ ಬೆಳೆಯುತ್ತೆ. ಬ್ರಾಯ್ಲರ್ ಆರು ವಾರದಲ್ಲಿ ಎರಡು ಕೆಜಿ ಆಗಬೇಕು, ನಾವು ಹಾಕಿದ್ದು ಬಿಟ್ಟರೆ ಅದಕ್ಕೆ ಬೇರೇನೂ ಇಲ್ಲ. ಅದರ ಆಹಾರದಲ್ಲಿ ನೂರಕ್ಕೆ ಸುಮಾರು 60 ಪಾಲು ಮೆಕ್ಕೆಜೋಳ, 25ರಿಂದ 30 ಪಾಲು ಸೋಯಾ ಹಿಂಡಿ. ಒಂದು ತೆಗೆದು ಇನ್ನೊಂದು ಸುರಿದರೆ ಲೆಕ್ಕ ತಪ್ಪುತ್ತದೆ.

ಹಾಗಂತ ಬದಲಿಯೇ ಬೇಡ ಅಂತಲ್ಲ. ಮೆಕ್ಕೆಜೋಳದ ಒಂದು ಪಾಲಿಗೆ ಬಿಳಿಜೋಳ, ರಾಗಿ ಆಗುತ್ತೆ. ಆಗ ಕೋಳಿ ಚರ್ಮದ ಹಳದಿ ಬಣ್ಣ ಕಡಿಮೆಯಾಗುತ್ತೆ, ಅದು ಕಾಯಿಲೆ ಅಲ್ಲ. ತಾಜಾ, ಒಣ ಶೇಂಗಾ ಹಿಂಡಿಯೂ ಮಿತಿಯಲ್ಲಿ ಒಳ್ಳೆಯದೇ. ಆದರೆ ಅದರಲ್ಲಿ ಲೈಸಿನ್, ಮೆಥಿಯೊನಿನ್ ಕಡಿಮೆ, ಬೇರೆಯಾಗಿ ಸೇರಿಸಬೇಕು. ಸೋಯಾ ಕಾಳನ್ನು ಹಸಿಯಾಗಿ ಹಾಕಲೇಬಾರದು. ಅದರಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶ ಇದೆ, ಅದು ಸರಿಯಾಗಿ ಹುರಿದರೆ ಹೋಗುತ್ತೆ. ಹತ್ತಿಕಾಳು ಹಿಂಡಿಯಲ್ಲಿ ಗಾಸಿಪಾಲ್ ಅನ್ನೋ ಇನ್ನೊಂದು ವಿಷ. ಯಾವುದನ್ನು ಎಷ್ಟು ಹಾಕಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿ, ಮರಿ ಸತ್ತ ಮೇಲಲ್ಲ.

ನಮ್ಮ 27 ಮರಿ ಹೋದವು. ಉಳಿದವು ತೂಕವೇ ಬರಲಿಲ್ಲ. ಫೀಸಿಗೆ ನನ್ನ ಓಲೆ ಅಡ ಇಟ್ಟೆ, ಬಿಡಿಸಿಕೊಂಡಿದ್ದು ಯುಗಾದಿಗೆ. ಈಗ ನಮ್ಮ ಮನೆಯವರು ಗಾಣಕ್ಕೆ ಹೋದರೆ ಮೊದಲು ಕೇಳೋದು ರೇಟಲ್ಲ, "ಯಾವಾಗ ಆಡಿಸಿದ್ದು?" ಅಂತ.